ಎಂ ಅಕ್ಷರಕ್ಕೆ ಅಡ್ಡಗೀಟು

ನವೆಂಬರ್ ಕೊನೆಯ ವಾರ ಕೊಲಂಬಸ್ ನಗರದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಓಡಾಡಿದರೆ, ಫಲಕಗಳ ಮೇಲೆ ಇಂಗ್ಲಿಷಿನ ಎಂ ಅಕ್ಷರ ಇರುವಲ್ಲೆಲ್ಲ ಕೆಂಪು ಟೇಪಿನ ಅಡ್ಡಗೀಟು ಬಿದ್ದಿರುತ್ತದೆ. ಗಣಿತ ವಿಭಾಗದ ಫಲಕಕ್ಕೂ ವಿನಾಯಿತಿಯಿಲ್ಲ. ಫೋನು ತೆರೆದರೆ ಅಲ್ಲೂ ಇದೇ ಕಥೆ. ವಿದ್ಯಾರ್ಥಿಗಳಷ್ಟೇ ಅಲ್ಲ, ವಿಶ್ವವಿದ್ಯಾಲಯದ ಅಧಿಕೃತ ಖಾತೆಗಳೂ ಆ ವಾರ ಎಂ ಬರುವ ಕಡೆಯೆಲ್ಲ ಎಕ್ಸ್ ಗುರುತು ಹಾಕಿಕೊಂಡು ಬರೆಯುತ್ತವೆ. ಆಗಸ್ಟಿನಲ್ಲಷ್ಟೇ ಊರಿನಿಂದ ಬಂದಿಳಿದ ನಮ್ಮ ಹುಡುಗನಿಗೆ ತಲೆಬುಡ ತಿಳಿಯುವುದಿಲ್ಲ. ತಾನು ಓದಲು ಬಂದ ಎಂ.ಎಸ್. ಪದವಿಯ ಮೊದಲಕ್ಷರವೇ ಮಾಯವಾಗಿದೆ!

ಕಾರಣ ಸರಳ. ಆ ಶನಿವಾರದ ಎದುರಾಳಿ ಮಿಷಿಗನ್. ಆ ಹೆಸರು ಎಂ ಅಕ್ಷರದಿಂದ ಶುರುವಾಗುತ್ತದೆ.

ಈ ಬರಹ ಅಮೆರಿಕದ ಕಾಲೇಜು ಊರುಗಳಿಗೆ ಓದಲು ಅಥವಾ ಕೆಲಸಕ್ಕೆಂದು ಹೊಸದಾಗಿ ಹೋದವರಿಗೆ. ಮಗನೋ ಮಗಳೋ ಫೋನಿನಲ್ಲಿ ಯಾರನ್ನೋ ಹಿಗ್ಗಾಮುಗ್ಗಾ ಕಿಚಾಯಿಸುತ್ತಿರುವುದನ್ನು ಕಂಡು ಗಾಬರಿಯಾದ ಅಪ್ಪ-ಅಮ್ಮಂದಿರೂ ಓದಬಹುದು. ಎದುರಾಳಿ ತಂಡದ ಅಭಿಮಾನಿಯನ್ನು ಹೀಗೆ ಕೆಣಕುವುದಕ್ಕೆ ಅಲ್ಲಿ ಟ್ರ್ಯಾಶ್ ಟಾಕ್ ಎನ್ನುತ್ತಾರೆ. ಮೇಲ್ನೋಟಕ್ಕೆ ಬರೀ ಬೈಗುಳ. ಸ್ವಲ್ಪ ದಿನ ಸುಮ್ಮನೆ ಕೂತು ಓದಿದರೆ ಇದಕ್ಕೂ ವ್ಯಾಕರಣ ಇದೆ, ಇತಿಹಾಸ ಇದೆ, ದಾಟಬಾರದ ಗೆರೆ ಇದೆ ಎಂದು ತಿಳಿಯುತ್ತದೆ.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ಅದಕ್ಕಿಂತ ಹೆಚ್ಚು ಸದ್ಯಕ್ಕೆ ಬೇಡ. ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಒಂದೊಂದು ಕಡೆ ಹನ್ನೊಂದು ಜನ, ಎರಡೂ ತುದಿ ಚೂಪಾದ ಚೆಂಡು, ನೂರು ಗಜದ ಮೈದಾನ. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ. ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಅದರ ಬೆನ್ನಿಗೇ ಒದ್ದು ಗಳಿಸುವ ಬೋನಸ್ ಒಂದು ಅಂಕ. ಅಷ್ಟು ದೂರ ಹೋಗಲಾಗದಿದ್ದರೆ ದೂರದಿಂದಲೇ ಕಂಬಗಳ ನಡುವೆ ಒದೆಯಬಹುದು, ಮೂರು ಅಂಕ. 45–23 ಎಂದರೆ ಧೂಳೀಪಟ, 13–10 ಎಂದರೆ ಉಸಿರು ಬಿಗಿಹಿಡಿದ ಪಂದ್ಯ. ಇಷ್ಟು ಗೊತ್ತಿದ್ದರೆ ಮಾತು ಅರ್ಥವಾಗುತ್ತದೆ.

ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದು ಗಲಾಟೆ ಏಕೆ ಎಂಬುದು ಹೊಸಬರ ಮೊದಲ ಪ್ರಶ್ನೆ. ಅಂತರಕಾಲೇಜು ಪಂದ್ಯ ಎಂದರೆ ನಮ್ಮ ಕಣ್ಣಿಗೆ ಬರುವುದು ಶಾಮಿಯಾನದ ಕೆಳಗೆ ಕೂತ ಪ್ರಿನ್ಸಿಪಾಲರು ಮತ್ತು ನಲವತ್ತು ಪ್ರೇಕ್ಷಕರು. ಆನ್ ಆರ್ಬರ್ ಊರಿನ ಮಿಷಿಗನ್ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. ಕೊಲಂಬಸ್‌ನ ಕ್ರೀಡಾಂಗಣದ್ದು 1,02,780. ಎರಡೂ ತುಂಬುತ್ತವೆ. ಪ್ರಿನ್ಸ್‌ಟನ್ ಮತ್ತು ರಟ್ಗರ್ಸ್ ಕಾಲೇಜುಗಳು 1869ರ ನವೆಂಬರ್ 6ರಂದು ಆಡಿದ್ದನ್ನು ಈ ಆಟದ ಮೊದಲ ಪಂದ್ಯವೆಂದು ಲೆಕ್ಕ ಹಿಡಿಯುತ್ತಾರೆ. ವೃತ್ತಿಪರ ತಂಡಗಳು ಹುಟ್ಟಿದ್ದೆಲ್ಲ ಆಮೇಲೆ. ಅಲಬಾಮದಂಥ ರಾಜ್ಯದಲ್ಲಿ ಇವತ್ತಿಗೂ ದೊಡ್ಡ ಲೀಗಿನ ವೃತ್ತಿಪರ ಫುಟ್‌ಬಾಲ್ ತಂಡವಿಲ್ಲ. ಅಲ್ಲಿನ ಜನರಿಗೆ ಕಾಲೇಜು ತಂಡವೇ ಊರ ತಂಡ. ಹಾಗಾಗಿ ನಿಮ್ಮನ್ನು ಕೆಣಕುತ್ತಿರುವವರು ಆ ಕಾಲೇಜಿನ ಮೆಟ್ಟಿಲು ಹತ್ತಿರಲೇಬೇಕು ಎಂದಿಲ್ಲ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗಳಿಗೆ ಮನೆತನದಂತೆ ಇಳಿದು ಬಂದ ಪಕ್ಷ ಅದು.

ಇನ್ನೊಂದು ಲೆಕ್ಕವನ್ನು ಗಮನಿಸಿ. ಒಂದು ತಂಡಕ್ಕೆ ಋತುವಿನಲ್ಲಿ ಸಾಮಾನ್ಯವಾಗಿ ಹನ್ನೆರಡು ಪಂದ್ಯ. ಬದ್ಧ ವೈರಿಯ ಜತೆ ವರ್ಷಕ್ಕೊಂದೇ. ಬಹುಪಾಲು ಅದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನವೋ ಅದರಾಚೆಯ ಶನಿವಾರವೋ ನಡೆಯುತ್ತದೆ. ಸೋತವರು ಸೇಡು ತೀರಿಸಿಕೊಳ್ಳಲು ಇಡೀ ವರ್ಷ ಕಾಯಬೇಕು. ಆ ಕಾಯುವಿಕೆಯನ್ನು ತುಂಬುವುದು ಮಾತು.

ಆದರೆ ಬರೀ ಕಾಯುವಿಕೆಯಿಂದ ಇಷ್ಟು ಮಾತು ಹುಟ್ಟುವುದಿಲ್ಲ. ನನ್ನ ಪ್ರಕಾರ ಅಸಲು ಕಾರಣ ಬೇರೆ. ಈ ಆಟದಲ್ಲಿ ಯಾರು ದೇಶಕ್ಕೇ ಮೊದಲು ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಮೈದಾನವಲ್ಲ, ಅಭಿಪ್ರಾಯ. ಎಪಿ ಸುದ್ದಿಸಂಸ್ಥೆ 1936ರಿಂದ ಕ್ರೀಡಾ ವರದಿಗಾರರ ಮತ ಕೇಳಿ ವಾರವಾರ ಶ್ರೇಯಾಂಕ ಪಟ್ಟಿ ಹೊರಡಿಸುತ್ತ ಬಂದಿದೆ. ಆ ಪಟ್ಟಿಯಲ್ಲಿ ಮೊದಲು ಬಂದವರು ಚಾಂಪಿಯನ್. ತರಬೇತುದಾರರ ಮತದ ಪಟ್ಟಿ ಇನ್ನೊಂದು ಹೆಸರು ಹೇಳಿದರೆ ಅವರೂ ಚಾಂಪಿಯನ್. ನಾಲ್ಕು ತಂಡಗಳ ಪ್ಲೇಆಫ್ ಶುರುವಾದದ್ದು 2014ರ ಋತುವಿನಲ್ಲಿ. 2024ರಲ್ಲಿ ಅದು ಹನ್ನೆರಡಕ್ಕೇರಿತು. ಈಗಲೂ ಆ ಹನ್ನೆರಡರಲ್ಲಿ ಯಾರಿರಬೇಕು ಎಂಬುದರಲ್ಲಿ ಹದಿಮೂರು ಜನರ ಸಮಿತಿಯೊಂದು ಕೋಣೆಯಲ್ಲಿ ಕೂತು ನೀಡುವ ಶ್ರೇಯಾಂಕಕ್ಕೇ ದೊಡ್ಡ ಪಾತ್ರ. ವಾದದಿಂದಲೇ ಪ್ರಶಸ್ತಿ ಹುಟ್ಟುವ ಆಟದಲ್ಲಿ ಅಭಿಮಾನಿಗಳು ವಾದ ಮಾಡದೆ ಇರುತ್ತಾರೆಯೇ?

ಎರಡು ಮೂರು ಉದಾಹರಣೆ ಕೊಡುತ್ತೇನೆ. ಜಗಳದಲ್ಲಿ ಇವು ಪದೇಪದೇ ಬರುತ್ತವೆ. ಅಲಬಾಮ ತನ್ನ ರಾಷ್ಟ್ರೀಯ ಪ್ರಶಸ್ತಿಗಳ ಪಟ್ಟಿಯಲ್ಲಿ 1941ನ್ನೂ ಸೇರಿಸಿಕೊಂಡಿದೆ. ಆ ವರ್ಷ ಆ ತಂಡ ಎರಡು ಪಂದ್ಯ ಸೋತಿತ್ತು, ಎಪಿ ಪಟ್ಟಿಯಲ್ಲಿ 20ನೇ ಸ್ಥಾನದಲ್ಲಿತ್ತು! ಯಾವುದೋ ಒಂದು ಲೆಕ್ಕಾಚಾರದ ಪಟ್ಟಿ ಅವರನ್ನು ಮೊದಲನೆಯವರೆಂದಿತು, ಅಷ್ಟು ಸಾಕಾಯಿತು. ಅಲಬಾಮದ ಅಭಿಮಾನಿ ಪ್ರಶಸ್ತಿ ಎಣಿಸಲು ಶುರುಮಾಡಿದರೆ ಎದುರಿನವರು ಬರೆಯುವುದು ಒಂದೇ ಪದ: 1941. ಒರ್ಲಾಂಡೊದ ಸೆಂಟ್ರಲ್ ಫ್ಲೋರಿಡ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಹದಿಮೂರಕ್ಕೆ ಹದಿಮೂರೂ ಗೆದ್ದಿತು. ಸಣ್ಣ ಒಕ್ಕೂಟದ ತಂಡ ಎಂದು ಸಮಿತಿ ಪ್ಲೇಆಫ್‌ಗೆ ಕರೆಯಲಿಲ್ಲ. ಕೊನೆಯ ಪಂದ್ಯದಲ್ಲಿ ಅವರು ಸೋಲಿಸಿದ್ದು ಆಬರ್ನ್ ತಂಡವನ್ನು. ಆಬರ್ನ್ ಆ ಋತುವಿನಲ್ಲಿ ಫೈನಲಿಗೆ ಹೋದ ಎರಡೂ ತಂಡಗಳನ್ನು ಸೋಲಿಸಿತ್ತು. ಸರಿ, ಸೆಂಟ್ರಲ್ ಫ್ಲೋರಿಡದವರು ತಮ್ಮನ್ನು ತಾವೇ ಚಾಂಪಿಯನ್ ಎಂದು ಘೋಷಿಸಿಕೊಂಡು ಡಿಸ್ನಿ ವರ್ಲ್ಡಿನಲ್ಲಿ ಮೆರವಣಿಗೆ ತೆಗೆದರು. ನಕ್ಕವರು ಬಹಳ, ಆದರೆ ನಗುವವರ ಪಟ್ಟಿಯಲ್ಲಿ ಅಲಬಾಮದವರು ಇದ್ದಾಗ 1941 ಮತ್ತೆ ಬಂತು. 2023ರಲ್ಲಿ ಫ್ಲೋರಿಡ ಸ್ಟೇಟ್ ದೊಡ್ಡ ಒಕ್ಕೂಟದಲ್ಲೇ ಆಡಿ, ಒಂದೂ ಸೋಲದೆ, ಒಕ್ಕೂಟದ ಪ್ರಶಸ್ತಿಯನ್ನೂ ಗೆದ್ದು ನಾಲ್ಕರೊಳಗೆ ಬರಲಿಲ್ಲ. ಮುಖ್ಯ ಆಟಗಾರನಿಗೆ ಗಾಯವಾಗಿದೆ ಎಂಬ ಕಾರಣ ಮುಂದಿಟ್ಟು ಒಂದು ಪಂದ್ಯ ಸೋತಿದ್ದ ಅಲಬಾಮವನ್ನು ಆರಿಸಿದರು. ಆ ಗಾಯ ಆಟಗಾರನದ್ದು. ಅಭಿಮಾನಿಗಳದ್ದು ಇನ್ನೂ ಮಾಗಿಲ್ಲ.

ದಕ್ಷಿಣದ ರಾಜ್ಯಗಳಲ್ಲಿ ಪಾಲ್ ಫೈನ್‌ಬಾಮ್ ಎಂಬವರ ಫೋನ್-ಇನ್ ಕಾರ್ಯಕ್ರಮ ಬಹಳ ಪ್ರಸಿದ್ಧ. ಅದಕ್ಕೆ ಕರೆ ಮಾಡಿದ ಅಭಿಮಾನಿಯೊಬ್ಬರು ಎದುರಾಳಿ ತಂಡದ ಬಗ್ಗೆ, ಅವರು ಯಾರ ಜತೆಗೂ ಆಡೇ ಇಲ್ಲ ಪಾಲ್ ಎಂಬರ್ಥದಲ್ಲಿ ಗೋಳಾಡಿದ್ದು ಈಗ ನುಡಿಗಟ್ಟೇ ಆಗಿಬಿಟ್ಟಿದೆ. ನಿಮ್ಮ ತಂಡ ಎಂಟಕ್ಕೆ ಎಂಟು ಗೆದ್ದಿದೆ ಎಂದು ನೀವು ಬರೆದ ಮರುಕ್ಷಣ ಆ ಸಾಲು ಬರುತ್ತದೆ. ಗೆದ್ದದ್ದು ಪುಡಿ ತಂಡಗಳ ಮೇಲೆ ಎಂದು ಅರ್ಥ. ಪಾಲ್ ಎಂಬ ಹೆಸರನ್ನು ರಾಗವಾಗಿ ಎಳೆದು ಬರೆದಿರುತ್ತಾರೆ. ಅದು ದಕ್ಷಿಣದವರ ಉಚ್ಚಾರಣೆಯ ಅಣಕ.

ಈಗ ಒಂದು ಜೋಡಿಯನ್ನು ಹತ್ತಿರದಿಂದ ನೋಡೋಣ. ಎಲ್ಲ ಜೋಡಿಗಳನ್ನೂ ಪರಿಚಯಿಸಲು ಹೊರಟರೆ ಮುಗಿಯದು. ಒಂದು ಚೆನ್ನಾಗಿ ಗೊತ್ತಾದರೆ ಉಳಿದವುಗಳ ಲಯ ತಾನೇ ಸಿಗುತ್ತದೆ. ನಾನು ಆರಿಸಿಕೊಳ್ಳುವುದು ಮಿಷಿಗನ್ ಮತ್ತು ಒಹಾಯೊ ಸ್ಟೇಟ್.

ಇವರ ಜಗಳ ಚೆಂಡಿಗಿಂತ ಹಳೆಯದು. ಒಹಾಯೊ ರಾಜ್ಯ ಮತ್ತು ಆಗಿನ್ನೂ ರಾಜ್ಯವಾಗಿರದ ಮಿಷಿಗನ್ ಪ್ರಾಂತ್ಯ 1835ರಲ್ಲಿ ಟೊಲೀಡೊ ಊರಿನ ಸುತ್ತಲ ಒಂದು ಪಟ್ಟಿ ನೆಲಕ್ಕಾಗಿ ಪಡೆ ಕಟ್ಟಿಕೊಂಡು ಎದುರುಬದುರು ನಿಂತವು. ಯಾರೂ ಸಾಯಲಿಲ್ಲ, ಗಂಭೀರ ಗಾಯ ಎಂದರೆ ಒಬ್ಬ ಡೆಪ್ಯುಟಿ ಶೆರಿಫ್‌ಗೆ ಕಿರುಚಾಕುವಿನ ಇರಿತ, ಅಷ್ಟೇ. ಕೊನೆಗೆ ಟೊಲೀಡೊ ಒಹಾಯೊಗೆ ಹೋಯಿತು. ಮಿಷಿಗನ್‌ಗೆ ಪರಿಹಾರವೆಂದು ಉತ್ತರದ ದೊಡ್ಡ ಪರ್ಯಾಯ ದ್ವೀಪ ಸಿಕ್ಕಿ, 1837ರಲ್ಲಿ ರಾಜ್ಯದ ಪಟ್ಟ ಬಂತು. ಬರಡು ಕಾಡು ಎಂದುಕೊಂಡಿದ್ದ ಆ ನೆಲದಲ್ಲಿ ಆಮೇಲೆ ತಾಮ್ರ, ಕಬ್ಬಿಣ ಸಿಕ್ಕವು. ಆದ್ದರಿಂದ ಯಾರು ಗೆದ್ದರು ಎಂಬ ಮಾತು ಇವತ್ತಿಗೂ ಇತ್ಯರ್ಥವಾಗಿಲ್ಲ. ಟೊಲೀಡೊ ನೀವೇ ಇಟ್ಟುಕೊಳ್ಳಿ ಎನ್ನುವುದು ಮಿಷಿಗನ್ ಕಡೆಯವರ ಹಳೇ ಕುಹಕ.

ಫುಟ್‌ಬಾಲ್ ಇವರ ನಡುವೆ ಶುರುವಾದದ್ದು 1897ರಲ್ಲಿ. ಮೊದಮೊದಲು ಮಿಷಿಗನ್‌ನದೇ ದರ್ಬಾರು, 1902ರಲ್ಲಿ 86–0. ಅದನ್ನು ಆಡಿದವರು, ನೋಡಿದವರು ಯಾರೂ ಈಗ ಬದುಕಿಲ್ಲ, ಆದರೂ ಆ ಅಂಕಿ ಬದುಕಿದೆ. ಒಹಾಯೊ ಸ್ಟೇಟ್ ತರಬೇತುದಾರ ವುಡಿ ಹೇಯ್ಸ್ ಮಿಷಿಗನ್ ಎಂಬ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಉತ್ತರದ ಆ ಶಾಲೆ ಎನ್ನುತ್ತಿದ್ದರು. ಗಡಿಯಾಚೆ ಪೆಟ್ರೋಲ್ ಹಾಕಿಸಿ ಮಿಷಿಗನ್‌ಗೆ ತೆರಿಗೆ ಕೊಡುವ ಬದಲು ಕಾರನ್ನು ಒಹಾಯೊವರೆಗೆ ತಳ್ಳುತ್ತೇನೆ ಎಂದಿದ್ದರು ಎಂಬ ಕಥೆಯೂ ಇದೆ. ಕೊಲಂಬಸ್‌ನಲ್ಲಿ ಆ ಕಥೆಗೆ ಸಾಕ್ಷಿ ಕೇಳುವ ಗೋಜಿಗೆ ಹೋಗಬೇಡಿ. 1968ರಲ್ಲಿ ಅವರ ತಂಡ 50–14 ಅಂತರದಿಂದ ಗೆದ್ದಿತು. ಕೊನೆಯ ಟಚ್‌ಡೌನ್ ನಂತರ ಗೆಲುವು ಖಚಿತವಿದ್ದರೂ, ಒದ್ದು ಒಂದು ಅಂಕ ಪಡೆಯುವ ಬದಲು, ಬೇಕೆಂದೇ ಎರಡು ಅಂಕದ ಯತ್ನಕ್ಕೆ ಇಳಿದರು. ಏಕೆ ಎಂದು ಕೇಳಿದ್ದಕ್ಕೆ, ಮೂರಕ್ಕೆ ಅವಕಾಶವಿರಲಿಲ್ಲವಲ್ಲ ಎಂದರಂತೆ. ಮುಂದಿನ ವರ್ಷ ಮಿಷಿಗನ್‌ಗೆ ಬಂದ ತರಬೇತುದಾರ ಬೋ ಶೆಂಬೆಕ್ಲರ್ ಒಂದು ಕಾಲಕ್ಕೆ ಇದೇ ಹೇಯ್ಸ್ ಕೈಕೆಳಗೆ ಪಳಗಿದವರು. 1969ರಲ್ಲಿ ಅಜೇಯವಾಗಿದ್ದ ಗುರುವಿನ ತಂಡವನ್ನು 24–12ರಿಂದ ಮಲಗಿಸಿದರು. ಅಲ್ಲಿಂದ ಹತ್ತು ವರ್ಷ ಈ ಇಬ್ಬರ ಸೆಣಸಾಟ.

ಇಂದಿನ ಫೋನಿನ ಜಗಳಕ್ಕೆ ಬೇಕಾದ ಶಬ್ದಭಂಡಾರವೆಲ್ಲ ಇಲ್ಲಿಂದ ಬಂದದ್ದು. ಹೇಯ್ಸ್ ಹೆಸರು ಹೇಳಲಿಲ್ಲ, ಹಾಗಾಗಿ ಇವರು ಎಂ ಅಳಿಸುತ್ತಾರೆ, ಉತ್ತರದ ತಂಡ ಎಂಬುದರ ನಾಲ್ಕಕ್ಷರದ ಸಂಕ್ಷೇಪ ಬಳಸುತ್ತಾರೆ. ಮಿಷಿಗನ್‌ನವರು ಇದಕ್ಕೆ ಕೊಡುವ ಪೆಟ್ಟು ಇನ್ನೂ ನಾಜೂಕು. ಅವರು ಸ್ಟೇಟ್ ಎಂಬ ಪದ ಬಿಟ್ಟು ಬರೀ ಒಹಾಯೊ ಎನ್ನುತ್ತಾರೆ, ಬರೆಯುವಾಗ ಮೊದಲಕ್ಷರವನ್ನೂ ಸಣ್ಣದು ಮಾಡುತ್ತಾರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲವಾದ್ದರಿಂದ ಈ ಅವಮಾನ ನಮಗೆ ಕಣ್ಣಿಗೇ ಬೀಳದೆ ಹೋಗಬಹುದು. ಇದರಲ್ಲಿ ಇನ್ನೊಂದು ಮುಳ್ಳಿದೆ: ಒಹಾಯೊ ವಿಶ್ವವಿದ್ಯಾಲಯ ಎಂಬುದು ಬೇರೆಯೇ ಒಂದು ಸಂಸ್ಥೆ, ಅಥೆನ್ಸ್ ಎಂಬ ಊರಿನಲ್ಲಿದೆ, 1804ರದ್ದು, ಇವರಿಗಿಂತ ಹಳೆಯದು. ಒಹಾಯೊ ಸ್ಟೇಟ್‌ನವರು ತಮ್ಮ ಹೆಸರಿನ ಮುಂದೆ ‘ದಿ’ ಎಂಬುದನ್ನು ಒತ್ತಿ ಹೇಳುತ್ತಾರೆ. ಬಟ್ಟೆಬರೆಯ ಮೇಲೆ ಆ ಒಂದು ಪದ ಅಚ್ಚು ಹಾಕಲು 2022ರಲ್ಲಿ ಟ್ರೇಡ್‌ಮಾರ್ಕನ್ನೂ ಪಡೆದರು. ಮಿಷಿಗನ್‌ನವರಿಗೆ ಅದೊಂದು ಹಬ್ಬವೇ ಆಯಿತು.

ಈಗ ಮಾದರಿಗೆಂದು ನಾನೇ ಕಟ್ಟಿದ ಒಂದು ಸಂಭಾಷಣೆ. 2025ರ ಬೇಸಿಗೆಯಲ್ಲಿ ಇಂಥವನ್ನು ಎಲ್ಲಿ ಬೇಕಾದರೂ ಓದಬಹುದಿತ್ತು.

“ಕಪ್ ನೋಡಿದ್ರೇನ್ರೋ? ಹೊಳಪು ಹೇಗಿದೆ?”

“13–10.”

“ಸಿಗ್ನಲ್ ಕದ್ದು ಗೆದ್ದೋರಿಗೆ ಮಾತು ಬೇರೆ.”

“13–10.”

ಮೊದಲನೆಯವನು ಒಹಾಯೊ ಸ್ಟೇಟ್ ಕಡೆಯವನು. ಅವನ ತಂಡ 2025ರ ಜನವರಿ 20ರಂದು ನೊಟ್ರೆ ಡೇಮ್ ತಂಡವನ್ನು 34–23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಎರಡನೆಯವನು ಮಿಷಿಗನ್ ಅಭಿಮಾನಿ. ಅವನ ತಂಡ ಆ ಋತುವಿನಲ್ಲಿ ಸಾಧಾರಣ. ಆದರೆ 2024ರ ನವೆಂಬರ್ 30ರಂದು, ಎಲ್ಲರೂ ಒಹಾಯೊ ಸ್ಟೇಟ್ ಸಲೀಸಾಗಿ ಗೆಲ್ಲುತ್ತದೆ ಎಂದುಕೊಂಡಿದ್ದ ಪಂದ್ಯದಲ್ಲಿ, ಅವರ ಅಂಗಳದಲ್ಲೇ 13–10ರಿಂದ ಗೆದ್ದಿತ್ತು. ಅದು ಸತತ ನಾಲ್ಕನೇ ಗೆಲುವು. ನೀವು ದೇಶಕ್ಕೇ ರಾಜರಿರಬಹುದು, ನಮ್ಮನ್ನು ಸೋಲಿಸಲಾಗಲಿಲ್ಲ ಎಂಬ ಇಡೀ ವಾಕ್ಯ ಆ ಎರಡು ಅಂಕಿಗಳಲ್ಲಿದೆ. ಮೂರನೇ ಸಾಲಿನ ಏಟು 2023ರ ಹಗರಣದ್ದು. ಮಿಷಿಗನ್ ಸಿಬ್ಬಂದಿಯೊಬ್ಬ ಎದುರಾಳಿಗಳ ಪಂದ್ಯಗಳಿಗೆ ಜನರನ್ನು ಕಳಿಸಿ ಅವರ ಕೈಸನ್ನೆಗಳನ್ನು ಚಿತ್ರೀಕರಿಸಿದ ಆರೋಪ ಬಂದು, ತರಬೇತುದಾರ ಜಿಮ್ ಹಾರ್ಬಾ ಆ ಋತುವಿನ ಲೀಗ್ ಹಂತದ ಕೊನೆಯ ಮೂರು ಪಂದ್ಯ ಹೊರಗೆ ಕೂರಬೇಕಾಯಿತು. ತಂಡ ಮಾತ್ರ ಆ ವರ್ಷ ರಾಷ್ಟ್ರೀಯ ಪ್ರಶಸ್ತಿಯನ್ನೇ ಗೆದ್ದಿತು. ಇಲ್ಲಿ ಎರಡನೆಯವನ ಜಾಣತನ ನೋಡಿ. ಅವನು ಹಗರಣದ ಬಗ್ಗೆ ವಾದಕ್ಕೆ ಇಳಿಯಲಿಲ್ಲ. 2024ರ ಗೆಲುವು ಹಗರಣ ಬಯಲಾದ ಮೇಲಿನದು, ತರಬೇತುದಾರರೂ ಬದಲಾಗಿದ್ದರು. ಹಾಗಾಗಿ ಅದೇ ಅಂಕಿಯನ್ನು ಎರಡನೇ ಸಲ ಬರೆದಾಗ ಅದರ ಅರ್ಥ ಬೇರೆ: ಕದಿಯದೆಯೂ ಗೆದ್ದೆವು. ಒಂದೇ ಉತ್ತರ ಎರಡು ಪ್ರಶ್ನೆಗೆ ಸರಿಹೋಯಿತು. ಇಂಥದಕ್ಕೆ ಎದುರಾಳಿಗಳೂ ಒಳಗೊಳಗೇ ತಲೆದೂಗುತ್ತಾರೆ.

ಆ ಪಂದ್ಯ ಮುಗಿದ ಮೇಲೆ ಮಿಷಿಗನ್ ಆಟಗಾರರು ಮೈದಾನದ ನಡುವೆ ತಮ್ಮ ಬಾವುಟ ನೆಡಲು ಹೋಗಿ ಕೈ ಕೈ ಮಿಲಾಯಿಸಿದ್ದು, ಪೊಲೀಸರು ಪೆಪ್ಪರ್ ಸ್ಪ್ರೇ ಬಳಸಿದ್ದು, ಎರಡೂ ವಿಶ್ವವಿದ್ಯಾಲಯಗಳಿಗೆ ತಲಾ ಒಂದು ಲಕ್ಷ ಡಾಲರ್ ದಂಡ ಬಿದ್ದದ್ದು ಸುದ್ದಿಯಾಯಿತು. ಒಹಾಯೊದ ಶಾಸಕರೊಬ್ಬರು ಆ ಕ್ರೀಡಾಂಗಣದಲ್ಲಿ ಬಾವುಟ ನೆಡುವುದನ್ನು ಗಂಭೀರ ಅಪರಾಧವನ್ನಾಗಿಸುವ ಮಸೂದೆಯನ್ನೇ ಮಂಡಿಸಿದರು. ಮಸೂದೆಯೂ ಕಾಲೆಳೆಯುವ ಒಂದು ಬಗೆಯೇ. 2025ರಲ್ಲಿ ಒಹಾಯೊ ಸ್ಟೇಟ್ ಆನ್ ಆರ್ಬರ್‌ಗೇ ಹೋಗಿ 27–9ರಿಂದ ಗೆದ್ದು ಬಂತು. ಅಲ್ಲಿಗೆ 13–10ರ ಬೆಲೆ ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ.

ಅಂಕಿಯೇ ಈ ಭಾಷೆಯ ಗಟ್ಟಿ ನಾಣ್ಯ ಎಂಬುದು ಇಷ್ಟರಲ್ಲಿ ತಿಳಿದಿರಬೇಕು. ಮಿಷಿಗನ್‌ನವರ ಬಾಯಿ ಮುಚ್ಚಿಸಲು 34–32 ಎಂದರೆ ಸಾಕು: 2007ರ ಸೆಪ್ಟೆಂಬರ್ 1ರಂದು ಅಪಲೇಚಿಯನ್ ಸ್ಟೇಟ್ ಎಂಬ ಕೆಳಹಂತದ ತಂಡ ಅವರ ಮನೆಯಲ್ಲೇ ಅವರನ್ನು ಸೋಲಿಸಿದ ಅಂಕಿ ಅದು. ಅಲಬಾಮಕ್ಕೆ ಈಚಿನದು 40–35. 2024ರ ಅಕ್ಟೋಬರಿನಲ್ಲಿ ವ್ಯಾಂಡರ್‌ಬಿಲ್ಟ್ ತಂಡ ಆ ಅಂತರದಲ್ಲಿ ಗೆದ್ದಾಗ ವಿದ್ಯಾರ್ಥಿಗಳು ಗೋಲುಕಂಬ ಕಿತ್ತು ನ್ಯಾಶ್ವಿಲ್ ಬೀದಿಗಳಲ್ಲಿ ಹೊತ್ತೊಯ್ದು ನದಿಗೆ ಎಸೆದಿದ್ದರು.

ಅಂಕಿಗಿಂತ ಅಪಾಯಕಾರಿ ಎಂದರೆ ಆಡಿದ ಮಾತು. 2007ರಲ್ಲಿ ಮಿಷಿಗನ್ ತಂಡ ಅದೇ ರಾಜ್ಯದ ಮಿಷಿಗನ್ ಸ್ಟೇಟ್ ತಂಡವನ್ನು ಹಿಂದಿನಿಂದ ಬಂದು ಸೋಲಿಸಿದಾಗ, ಆಟಗಾರ ಮೈಕ್ ಹಾರ್ಟ್ ಹೇಳಿದ್ದರ ಸಾರ ಇದು: ಚಿಕ್ಕ ತಮ್ಮನ ಜತೆ ಆಡುವಾಗ ಅವನಿಗೆ ಸ್ವಲ್ಪ ಹೊತ್ತು ಮುನ್ನಡೆ ಬಿಟ್ಟುಕೊಟ್ಟು ಆಮೇಲೆ ಕಸಿದುಕೊಂಡ ಹಾಗಾಯಿತು. ಮುಂದಿನ ಎಂಟು ವರ್ಷಗಳಲ್ಲಿ ಏಳು ಸಲ ಗೆದ್ದದ್ದು ಆ ತಮ್ಮ. ಏಳನೆಯದಂತೂ ಕಥೆ. 2015ರ ಅಕ್ಟೋಬರ್ 17, ಮಿಷಿಗನ್ 23–21ರಿಂದ ಮುಂದಿದೆ, ಉಳಿದಿರುವುದು ಹತ್ತು ಸೆಕೆಂಡು. ಚೆಂಡನ್ನು ದೂರಕ್ಕೆ ಒದ್ದರೆ ಮುಗಿಯಿತು. ಒದೆಯಬೇಕಾದವನ ಕೈಯಿಂದ ಚೆಂಡು ಜಾರಿತು, ಎದುರಾಳಿ ಎತ್ತಿಕೊಂಡು ಓಡಿದ, 27–23. ಆ ಗಳಿಗೆಯಲ್ಲಿ ಎರಡೂ ಕೈ ತಲೆಯ ಮೇಲಿಟ್ಟು ಬಾಯಿ ತೆರೆದು ನಿಂತ ಮಿಷಿಗನ್ ವಿದ್ಯಾರ್ಥಿಯೊಬ್ಬನ ಮುಖ ಟಿವಿಯಲ್ಲಿ ಬಂದು, ಇವತ್ತಿಗೂ ಜಗತ್ತಿನ ಫೋನುಗಳಲ್ಲಿ ಸುತ್ತುತ್ತಿದೆ. ಆ ಭಂಗಿಗೆ ಸರೆಂಡರ್ ಕೋಬ್ರಾ ಎಂದು ಹೆಸರು. ಅಗಲಿಸಿದ ಮೊಣಕೈಗಳು ಹೆಡೆಯಂತೆ ಕಾಣುತ್ತವಂತೆ.

ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಈ ಸಲ ಕಪ್ ನಮ್ದೇ’ ಎಂಬ ನಮ್ಮದೇ ಘೋಷಣೆಯನ್ನು ಚೆನ್ನೈ ಕಡೆಯವರು ವರ್ಷವರ್ಷ ನಮ್ಮ ಮೇಲೇ ತಿರುಗಿಸುತ್ತಿದ್ದರು, 2025ರ ಜೂನ್ 3ರ ರಾತ್ರಿಯವರೆಗೆ. ಕಾಲೇಜು ಫುಟ್‌ಬಾಲಿನಲ್ಲಂತೂ ಹಳೆಯ ಬರಹದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ವರ್ಷಗಟ್ಟಲೆ ಕಾಯುವವರಿದ್ದಾರೆ. ಅವಕ್ಕೆ ರಸೀದಿ ಎನ್ನುತ್ತಾರೆ. ಪಂದ್ಯಕ್ಕೆ ಮುಂಚೆ ನೀವು ಬರೆದ ಭವಿಷ್ಯವಾಣಿಗೆಲ್ಲ ಎಲ್ಲೋ ಒಂದು ರಸೀದಿ ಇದೆ ಎಂದುಕೊಂಡೇ ಬರೆಯಿರಿ.

ಇದೆಲ್ಲ ಇಂಟರ್‌ನೆಟ್ಟಿನ ಕೇಡು ಎನ್ನುವವರಿಗೆ ಕ್ಯಾಲಿಫೋರ್ನಿಯದ ಒಂದು ಪ್ರಸಂಗ ಹೇಳುತ್ತೇನೆ. ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡ್ ಎರಡೂ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಕ್ಕಪಕ್ಕದವು. ಫ್ರೀಮಾಂಟ್, ಸನಿವೇಲ್ ಕಡೆಯ ಕನ್ನಡಿಗರಿಗೆ ಎರಡೂ ಕಾರಿನಲ್ಲಿ ಹೋಗಿ ಬರುವಷ್ಟು ಹತ್ತಿರ. 1982ರ ನವೆಂಬರ್ 20ರಂದು ನಾಲ್ಕು ಸೆಕೆಂಡು ಉಳಿದಿರುವಾಗ ಸ್ಟ್ಯಾನ್‌ಫರ್ಡ್ 20–19ರಿಂದ ಮುಂದಿತ್ತು. ಗೆದ್ದೇಬಿಟ್ಟೆವೆಂದು ಅವರ ಬ್ಯಾಂಡಿನವರು ಮೈದಾನಕ್ಕೇ ನುಗ್ಗಿದರು. ಬರ್ಕ್ಲಿ ಆಟಗಾರರು ಚೆಂಡನ್ನು ಐದು ಸಲ ಕೈಯಿಂದ ಕೈಗೆ ಹಿಂದಕ್ಕೆಸೆಯುತ್ತ, ಬ್ಯಾಂಡಿನ ನಡುವೆಯೇ ತೂರಿ ಓಡಿ, ಕೊನೆಗೆ ಗೆರೆ ದಾಟಿ ಟ್ರೋಂಬೋನ್ ವಾದಕನೊಬ್ಬನನ್ನು ಕೆಡವಿದರು. 25–20. ಕೆಲವೇ ದಿನಗಳಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿ ಪತ್ರಿಕೆಯವರು ಬರ್ಕ್ಲಿ ವಿದ್ಯಾರ್ಥಿ ಪತ್ರಿಕೆಯ ನಕಲಿ ಸಂಚಿಕೆಯೊಂದನ್ನು ಥೇಟ್ ಅದೇ ರೂಪದಲ್ಲಿ ಅಚ್ಚು ಹಾಕಿಸಿ, ತೀರ್ಪು ರದ್ದಾಯಿತು, ಗೆಲುವು ಸ್ಟ್ಯಾನ್‌ಫರ್ಡ್‌ನದು ಎಂಬ ಸುದ್ದಿಯೊಂದಿಗೆ ಬರ್ಕ್ಲಿ ಆವರಣದಲ್ಲೇ ಹಂಚಿದರು. ನಂಬಿ ಎದೆ ಒಡೆದುಕೊಂಡವರಿದ್ದರು. ಗೆದ್ದವರಿಗೆ ಸಿಗುವುದು ಒಂದು ಹಳೆಯ ಕೊಡಲಿ. ಅದರ ಫಲಕದಲ್ಲಿ ವರ್ಷವರ್ಷದ ಫಲಿತಾಂಶ ಕೆತ್ತಿರುತ್ತದೆ. ಕೊಡಲಿ ಸ್ಟ್ಯಾನ್‌ಫರ್ಡ್ ಕೈಗೆ ಹೋದಾಗಲೆಲ್ಲ 1982ರ ಸಾಲು 20–19 ಆಗುತ್ತದೆ. ಬರ್ಕ್ಲಿಗೆ ಬಂದರೆ ಮತ್ತೆ 25–20!

ಹಾರ್ವರ್ಡ್ ಮತ್ತು ಯೇಲ್‌ನವರೂ ಕಮ್ಮಿಯಿಲ್ಲ. 2004ರಲ್ಲಿ ಯೇಲ್ ಹುಡುಗರು ಹಾರ್ವರ್ಡ್ ಕಾರ್ಯಕರ್ತರ ವೇಷ ಹಾಕಿ ಹಾರ್ವರ್ಡ್ ಗ್ಯಾಲರಿಯಲ್ಲಿ ಬಣ್ಣದ ಕಾಗದ ಹಂಚಿ, ಎಲ್ಲರೂ ಒಟ್ಟಿಗೆ ಎತ್ತಿ ಹಿಡಿದರೆ ನಮ್ಮ ತಂಡಕ್ಕೆ ಜೈಕಾರ ಮೂಡುತ್ತದೆ ಎಂದು ನಂಬಿಸಿದರು. ಎತ್ತಿದಾಗ ಎದುರಿನ ಗ್ಯಾಲರಿಗೆ ಕಂಡದ್ದು, ನಾವು ಕೆಲಸಕ್ಕೆ ಬಾರದವರು ಎಂಬರ್ಥದ ಒರಟು ವಾಕ್ಯ. ಪಂದ್ಯ ಗೆದ್ದದ್ದು ಹಾರ್ವರ್ಡ್, 35–3. ಅದನ್ನು ಯಾರೂ ನೆನೆಯುವುದಿಲ್ಲ. ಅಂಕಿಯೇ ಕೊನೆಯ ಮಾತು ಎಂಬ ನಿಯಮಕ್ಕೆ ಇದೊಂದು ಅಪವಾದ.

ಇನ್ನು ಗೆರೆ ದಾಟಿದವರ ವಿಷಯ. ಇದನ್ನು ಹಾರಿಸಿ ಹೋಗುವಂತಿಲ್ಲ. ಅಲಬಾಮ ಮತ್ತು ಆಬರ್ನ್ ಒಂದೇ ರಾಜ್ಯದ ಎರಡು ವಿಶ್ವವಿದ್ಯಾಲಯಗಳು. 1893ರಲ್ಲಿ ಆಡಲು ಶುರುಮಾಡಿ, ಕಿತ್ತಾಡಿಕೊಂಡು 1907ರ ನಂತರ ನಾಲ್ಕು ದಶಕ ಆಟವನ್ನೇ ನಿಲ್ಲಿಸಿ, 1948ರಲ್ಲಿ ಮತ್ತೆ ಕೂಡಿದವರು. ಆಬರ್ನ್ ಊರಿನ ಟೂಮರ್ಸ್ ಕಾರ್ನರ್ ಎಂಬ ಮೂಲೆಯಲ್ಲಿ ಎರಡು ಓಕ್ ಮರಗಳಿದ್ದವು. ಗೆದ್ದ ದಿನ ಜನ ಅವುಗಳ ಕೊಂಬೆಗಳಿಗೆ ಟಾಯ್ಲೆಟ್ ಪೇಪರಿನ ಸುರುಳಿ ಎಸೆದು ಬೆಳ್ಳಗೆ ಮಾಡುವುದು ವಾಡಿಕೆ. 2010ರಲ್ಲಿ ಆಬರ್ನ್ 24–0 ಹಿನ್ನಡೆಯಿಂದ ಎದ್ದು 28–27ರಿಂದ ಗೆದ್ದಿತು. 2011ರ ಜನವರಿಯಲ್ಲಿ ಅಲಬಾಮ ಅಭಿಮಾನಿಯೊಬ್ಬ ಅದೇ ಫೈನ್‌ಬಾಮ್ ಕಾರ್ಯಕ್ರಮಕ್ಕೆ ಕರೆ ಮಾಡಿ, ಆ ಮರಗಳ ಬುಡಕ್ಕೆ ವಿಷ ಹಾಕಿದ್ದೇನೆ ಎಂದ. ಎಲ್ಲರೂ ಬರೀ ಬಡಾಯಿ ಎಂದುಕೊಳ್ಳಬಹುದಿತ್ತು. ಮಣ್ಣು ಪರೀಕ್ಷಿಸಿದಾಗ ಕಳೆನಾಶಕ ಸಿಕ್ಕಿತು. ಮರಗಳು ಉಳಿಯಲಿಲ್ಲ. 2013ರ ಏಪ್ರಿಲ್‌ನಲ್ಲಿ ಕಡಿದರು, ಆತನಿಗೆ ಜೈಲಾಯಿತು. ಮರಗಳನ್ನು ಉಳಿಸಲು ಹಣ ಕೂಡಿಸಿದವರಲ್ಲಿ ಅಲಬಾಮದ ಅಭಿಮಾನಿಗಳೇ ಇದ್ದರು ಎಂಬುದನ್ನೂ ಹೇಳಬೇಕು.

ಮರಕ್ಕಿಂತ ದೊಡ್ಡ ಚಿಂತೆ ಹುಡುಗರದು. ಆಡುವವರು ಹದಿನೆಂಟರಿಂದ ಇಪ್ಪತ್ತೆರಡರ ಆಸುಪಾಸಿನವರು. 2013ರ ಅಲಬಾಮ–ಆಬರ್ನ್ ಪಂದ್ಯದಲ್ಲಿ ಅಲಬಾಮದ ಕಿಕ್ಕರ್ ಒದ್ದ ಮೂರು ಯತ್ನ ಫಲಿಸಲಿಲ್ಲ, ಕೊನೆಯ ಸೆಕೆಂಡಿನಲ್ಲಿ ಆಬರ್ನ್ ಗೆದ್ದಿತು. ಆ ರಾತ್ರಿ ಅವನಿಗೆ ಕೊಲೆ ಬೆದರಿಕೆಗಳು ಬಂದವು, ಅದೂ ತನ್ನದೇ ತಂಡದ ಅಭಿಮಾನಿಗಳೆನ್ನಿಸಿಕೊಂಡವರಿಂದ. ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವನಿಗೆ ಕೈಬರಹದ ಸಾಂತ್ವನ ಪತ್ರ ಕಳಿಸಿದರು. ಆಮೇಲೆ, 2018ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕ್ರೀಡಾ ಬೆಟ್ಟಿಂಗ್‌ಗೆ ರಾಜ್ಯಗಳು ಬಾಗಿಲು ತೆರೆದವು. ಈಗ ಬೈಯುವವರೆಲ್ಲ ಅಭಿಮಾನಿಗಳೂ ಅಲ್ಲ. ಒಬ್ಬ ಹುಡುಗ ಎಷ್ಟು ಗಜ ಓಡುತ್ತಾನೆ ಎಂಬುದರ ಮೇಲೆ ದುಡ್ಡು ಕಟ್ಟಿ ಕಳೆದುಕೊಂಡವರು. ಒಹಾಯೊ ರಾಜ್ಯ 2024ರಲ್ಲಿ ಕಾಲೇಜು ಆಟಗಾರರ ವೈಯಕ್ತಿಕ ಸಾಧನೆಯ ಮೇಲಿನ ಬಾಜಿಯನ್ನು ನಿಷೇಧಿಸಿದ್ದು ಇಂಥ ಕಿರುಕುಳದ ಕಾರಣಕ್ಕೇ. ಎದುರಾಳಿ ಅಭಿಮಾನಿಯನ್ನು ಎಷ್ಟು ಬೇಕಾದರೂ ಕಾಡಿ. ಅವನು ಆಟಕ್ಕೆ ಒಪ್ಪಿಯೇ ಇಳಿದಿದ್ದಾನೆ. ಆಟಗಾರನ ಸ್ವಂತ ಖಾತೆಗೆ ಹೋಗಿ ಬರೆಯುವುದು ಬೇರೆ ಕೆಲಸ, ಅದನ್ನು ಕಲಿಯಬೇಡಿ.

ಕಲಿಯಬೇಕಾದದ್ದು ಇನ್ನು ಸ್ವಲ್ಪವೇ ಇದೆ. ಮೊದಲ ಋತುವಿನಲ್ಲಿ ಬರೆಯುವುದಕ್ಕಿಂತ ಓದುವುದು ಲೇಸು. ನಿಮ್ಮ ತಂಡ ಗೆದ್ದ ರಾತ್ರಿ ಎರಡು ಸಾಲು ಸಾಕು, ಹತ್ತು ಬರೆದರೆ ಹೊಸಬ ಎಂದು ಗೊತ್ತಾಗುತ್ತದೆ. ಸೋತ ದಿನ ಮಾಯವಾಗಬೇಡಿ. ಬಂದು ನಾಲ್ಕು ಏಟು ತಿಂದು ಹೋಗುವವರಿಗೆ ಮುಂದಿನ ವರ್ಷ ಮಾತಾಡುವ ಹಕ್ಕಿರುತ್ತದೆ. ರೆಫರಿಯ ಮೇಲೆ ತಪ್ಪು ಹೊರಿಸುವುದು ಅನುಮತಿ ಇರುವ ಅಳು, ಆದರೆ ಒಂದು ವಾರಕ್ಕೆ ಮೀರಿದರೆ ಅದನ್ನೇ ಹಿಡಿದು ಕಾಡುತ್ತಾರೆ. ಆಫೀಸಿನಲ್ಲಿ ಬಾಜಿ ಕಟ್ಟುವುದಿದ್ದರೆ ದುಡ್ಡು ಬೇಡ. ಸೋತವರು ಒಂದು ವಾರ ಗೆದ್ದವರ ಬಣ್ಣದ ಅಂಗಿ ತೊಡಬೇಕು, ಇಲ್ಲವೇ ಫೋನಿನ ಚಿತ್ರ ಬದಲಿಸಬೇಕು ಎಂಬಂಥವೇ ಚೆಂದ. ಮ್ಯಾನೇಜರನ್ನು ಕಿಚಾಯಿಸಬಹುದೇ ಎಂದು ಕೇಳುವವರುಂಟು. ಅವರೇ ಶುರುಮಾಡಿದರೆ ಧಾರಾಳವಾಗಿ. ಯಾರ ಕಡೆ ಎಂದು ಕೇಳಿದರೆ ಇಬ್ಬರ ಕಡೆಯೂ ಎನ್ನಬೇಡಿ, ಆ ಉತ್ತರ ಎರಡೂ ಕಡೆ ಸಲ್ಲದು. ಓದಿದ ಕಾಲೇಜು ಇಲ್ಲವೇ ಮನೆ ಮಾಡಿದ ಊರು, ಎರಡರಲ್ಲೊಂದು ಹೇಳಿ.

ಡೆಟ್ರಾಯಿಟ್ ಸುತ್ತಲಿನ ನೊವೈ, ಟ್ರಾಯ್, ಕ್ಯಾಂಟನ್‌ಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಮಾತ್ರ ಒಂದು ತೊಡಕಿದೆ. ದೊಡ್ಡ ಮಗಳು ಆನ್ ಆರ್ಬರ್, ಚಿಕ್ಕವನು ಈಸ್ಟ್ ಲ್ಯಾನ್ಸಿಂಗ್‌ನ ಮಿಷಿಗನ್ ಸ್ಟೇಟ್ ಎಂದಾದರೆ ಮನೆಯ ವಾಟ್ಸ್‌ಆ್ಯಪ್ ಗುಂಪಿಗೇ ಜಗಳ ಬರುತ್ತದೆ, ಅಕ್ಕ ತಮ್ಮನನ್ನು ‘ಚಿಕ್ಕ ತಮ್ಮ’ ಎಂದು ಕರೆದರೂ ಅದು ಕೆಣಕಿದ ಹಾಗೇ. ಇಂಥ ಮನೆಗಳಿಗೆಂದೇ ಅರ್ಧ ಇವರ, ಅರ್ಧ ಅವರ ಬಣ್ಣದ ಬಾವುಟಗಳು ಅಂಗಡಿಯಲ್ಲಿ ಸಿಗುತ್ತವೆ. ಇಬ್ಬರ ಫೀಸನ್ನೂ ಕಟ್ಟುವ ಅಪ್ಪ-ಅಮ್ಮ ಒಂದನ್ನು ತಂದು ಬಾಗಿಲಿಗೆ ಕಟ್ಟಿ, ಆ ಎರಡು ತಂಡಗಳು ಆಡುವ ಶನಿವಾರ ಸಂಜೆಯವರೆಗೆ ಗುಂಪನ್ನು ಮ್ಯೂಟ್ ಮಾಡಿಟ್ಟರೆ ಸಾಕು.